ಸಿಸ್ಟ್ ಕರಗಿದೆ, ನೋವು ಮಾತ್ರ ಹಾಗೇ ಇದೆ. ಯಾರಿಗಾದರೂ ಹೀಗಾಗಿದೆಯಾ?

ತುಂಗಾತೀರ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಒಂದು ಮಗು, ಸಿಸೇರಿಯನ್ ಆಗಿದೆ. ಕಳೆದ ದೀಪಾವಳಿ ಹೊತ್ತಿಗೆ ಕಿಬ್ಬೊಟ್ಟೆಯ ಬಲಗಡೆ ನೋವು ಶುರುವಾಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ 3.8 ಸೆಂ.ಮೀ. ಸಿಂಪಲ್ ಸಿಸ್ಟ್ (ನೀರುಗುಳ್ಳೆ) ಅಂತ ಬಂತು. ಒಬ್ಬ ಡಾಕ್ಟರ್ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್) ಮಾಡಿ ತೆಗೆದುಬಿಡೋಣ ಅಂದರು. ಇನ್ನೊಬ್ಬರು ಈಗ ಏನೂ ಬೇಡ, ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದರು. ಕಾದೆ. ಯುಗಾದಿ ಮುಗಿದ ಮೇಲೆ ಮಾಡಿಸಿದರೆ ಸಿಸ್ಟ್ ಇಲ್ಲ, ರಿಪೋರ್ಟ್ ಪೂರ್ತಿ ನಾರ್ಮಲ್.

ಆದರೆ ನೋವು ಹೋಗಿಲ್ಲ. ಬಟ್ಟೆ ಬಕೆಟ್ ಎತ್ತಿದರೆ ಚುಚ್ಚುತ್ತದೆ. ಸ್ಕೂಟಿ ಹಂಪ್ ಹತ್ತಿ ಇಳಿದರೆ ಚುಚ್ಚುತ್ತದೆ. ಜಾಗ ಎಲ್ಲಿ ಅಂದರೆ ಒಂದು ಬೆರಳಿಟ್ಟು ತೋರಿಸುತ್ತೇನೆ. ಡಾಕ್ಟರ್ "ಎಲ್ಲಾ ಸರಿಯಾಗಿದೆ, ಟೆನ್ಷನ್ ಬಿಡಿ" ಅನ್ನುತ್ತಾರೆ. ಮನೆಯಲ್ಲಿ ಅತ್ತೆ ಗ್ಯಾಸ್ ಅನ್ನುತ್ತಾರೆ. ಸಿಸ್ಟ್ ಇಲ್ಲದ ಮೇಲೆ ಈ ನೋವು ಎಲ್ಲಿಂದ ಬರುತ್ತಿದೆ? ದಯವಿಟ್ಟು ಗೊತ್ತಿದ್ದವರು ಹೇಳಿ.

ಕಾಫಿತೋಟ:
ನನ್ನದೂ ಇದೇ ಕತೆ. ಉತ್ತರಕ್ಕೆ ಕಾಯ್ತಿದ್ದೇನೆ.

ವಾರ್ಡ್ ಸಿಸ್ಟರ್, ಮೈಸೂರು:
ಸ್ತ್ರೀರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ದಿನಾ ನೋಡುವುದನ್ನು ಹೇಳುತ್ತೇನೆ.

ಪ್ರತಿ ತಿಂಗಳು ಅಂಡಾಶಯದಲ್ಲಿ ಒಂದು ಕೋಶಕ ಬೆಳೆಯುತ್ತದೆ. 2 ಸೆಂ.ಮೀ. ಆಸುಪಾಸಿಗೆ ಬಂದಾಗ ಒಡೆದು ಅಂಡಾಣು ಹೊರಗೆ ಬರುತ್ತದೆ. ಒಮ್ಮೊಮ್ಮೆ ಅದು ಒಡೆಯದೆ ನೀರು ತುಂಬಿಕೊಂಡು ಬೆಳೆಯುತ್ತಾ ಹೋಗುತ್ತದೆ. ಒಮ್ಮೊಮ್ಮೆ ಒಡೆದ ಮೇಲೆ ಉಳಿದ ಭಾಗ ಮುಚ್ಚಿಕೊಂಡು ಅದರಲ್ಲಿ ನೀರೋ ರಕ್ತವೋ ಸೇರುತ್ತದೆ. ಇವೆರಡೂ ಕಾಯಿಲೆಯಲ್ಲ, ಮುಟ್ಟಿನ ಚಕ್ರದ ಭಾಗ. ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಹೆಚ್ಚಿನವು ತಾವೇ ಹೋಗುತ್ತವೆ. ತುಂಗಾತೀರ ಅವರ ಸಿಸ್ಟ್ ದೊಡ್ಡ ನಿಂಬೆಹಣ್ಣಿನಷ್ಟಿತ್ತು, ಹೋಯಿತು. ಕಾಯಿರಿ ಅಂದ ಡಾಕ್ಟರ್ ಹೇಳಿದ್ದು ಸರಿ.

ಈಗ ನಿಮ್ಮ ಪ್ರಶ್ನೆ. ಸ್ಕ್ಯಾನ್‌ನಲ್ಲಿ ಸಿಸ್ಟ್ ಕಂಡಿತು ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತಲ್ಲ. ಒಂದು ಚೂರೂ ನೋವಿಲ್ಲದ ಎಷ್ಟೋ ಹೆಂಗಸರಲ್ಲಿ ಸಿಸ್ಟ್ ಇರುತ್ತದೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣುತ್ತದೆ. ನಿಮ್ಮ ನೋವು ಮೊದಲಿಂದಲೂ ಬೇರೆ ಕಡೆಯಿಂದ ಬರುತ್ತಿದ್ದಿರಬಹುದು. ಮುಟ್ಟಿನ ಹೊತ್ತಿಗೆ ಜಾಸ್ತಿ ಆಗುತ್ತದಾ? ಮೂತ್ರ ಮಾಡುವಾಗ, ಮಲವಿಸರ್ಜನೆ ಮಾಡುವಾಗ, ಗಂಡನ ಜೊತೆ ಸೇರಿದಾಗ ಹೇಗಿರುತ್ತದೆ? ಇದನ್ನು ಬರೆಯಿರಿ.

ಅಜ್ಜಿಮನೆ:
ತಂಗಿ, ಇಂಗ್ಲಿಷ್ ಔಷಧಿ ಬಿಡು. ಅಶೋಕ ಮರದ ತೊಗಟೆ ಕಷಾಯ, ಬೆಳಗ್ಗೆ ಮೆಂತ್ಯದ ನೀರು. ನನ್ನ ಸೊಸೆಯ 4 ಸೆಂ.ಮೀ. ಸಿಸ್ಟ್ ಎರಡೇ ತಿಂಗಳಿಗೆ ಮಾಯವಾಯಿತು.

ಲೀಡ್ಸ್ ಕನ್ನಡತಿ:
ಅಮ್ಮಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅಂಥ ಸಿಸ್ಟ್ ಕಷಾಯ ಕುಡಿಯದಿದ್ದರೂ ಎರಡು ತಿಂಗಳಿಗೆ ಹೋಗುತ್ತಿತ್ತು, ಅಲ್ವಾ? ಗರ್ಭನಿರೋಧಕ ಮಾತ್ರೆಯದ್ದೂ ಇದೇ ಮಾತು. ಸಿಸ್ಟ್ ಕರಗಲಿ ಅಂತ ತುಂಬಾ ಕಡೆ ಕೊಡುತ್ತಾರೆ. ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಮಾತ್ರೆ ತಗೊಂಡವರಿಗೂ ಸುಮ್ನೆ ಕಾದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇಂಗ್ಲೆಂಡಿನಲ್ಲಿ 2011ರ ಮಾರ್ಗಸೂಚಿ ಇದೆ. ಇನ್ನೂ ಮುಟ್ಟಾಗುತ್ತಿರುವ ಹೆಂಗಸರಲ್ಲಿ 5 ಸೆಂ.ಮೀ. ಒಳಗಿನ ಸಿಂಪಲ್ ಸಿಸ್ಟ್‌ಗೆ ಸಾಮಾನ್ಯವಾಗಿ ಮತ್ತೊಂದು ಸ್ಕ್ಯಾನ್ ಕೂಡ ಬೇಕಿಲ್ಲ. 5ರಿಂದ 7 ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್. ಅದಕ್ಕೂ ದೊಡ್ಡದಿದ್ದರೆ ಎಂಆರ್‌ಐ ಅಥವಾ ಆಪರೇಷನ್ ಬಗ್ಗೆ ಯೋಚನೆ. ಇದು ಒಳಗೆ ಬರೀ ತಿಳಿನೀರು ಇರುವ ಸಿಸ್ಟ್‌ಗೆ ಮಾತ್ರ. ರಿಪೋರ್ಟ್‌ನಲ್ಲಿ ಕಾಂಪ್ಲೆಕ್ಸ್, ಸಾಲಿಡ್, ಸೆಪ್ಟೇಷನ್ (ಅಂದರೆ ಒಳಗೆ ಗಟ್ಟಿ ಭಾಗ, ಅಡ್ಡಗೋಡೆ) ಅಂತ ಇದ್ದರೆ ಲೆಕ್ಕವೇ ಬೇರೆ.

ಅಜ್ಜಿಮನೆ:
ಆಯಿತಮ್ಮ. ಆದರೆ ಕಷಾಯದಿಂದ ತೊಂದರೆ ಏನಿಲ್ಲವಲ್ಲ.

ಲೀಡ್ಸ್ ಕನ್ನಡತಿ:
ಕಷಾಯ ಕುಡಿಯುತ್ತಾ ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದೂಡಿದರೆ ತೊಂದರೆ ಇದೆ ಅಮ್ಮಾ. ಎಲ್ಲ ಸಿಸ್ಟೂ ಕರಗುವ ಜಾತಿಯಲ್ಲ.

ಉಣಕಲ್ ಅಕ್ಕ, ಹುಬ್ಬಳ್ಳಿ:
ಕರಗದ ಜಾತಿಯದ್ದು ನಮ್ಮ ಮನೆಯಲ್ಲೇ ಆಯ್ತು ನೋಡ್ರಿ. ನನ್ನ ತಂಗಿಗೆ 23 ವರ್ಷ. ಡರ್ಮಾಯ್ಡ್ ಸಿಸ್ಟ್ ಇತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದರೊಳಗೆ ಕೂದಲು, ಕೊಬ್ಬು, ಕೆಲವು ಸಲ ಹಲ್ಲು ಕೂಡ ಇರುತ್ತದೆ. ಒಂದು ರಾತ್ರಿ ಎಡಗಡೆ ಒಮ್ಮೆಲೇ ನೋವು ಎದ್ದಿತು. ಮಂಚದ ಅಂಚು ಹಿಡಿದು ಕುಕ್ಕುರುಗಾಲಲ್ಲಿ ಕೂತಳು, ನೆಟ್ಟಗೆ ನಿಲ್ಲಲು ಆಗಲಿಲ್ಲ. ವಾಂತಿ ಮೇಲೆ ವಾಂತಿ. ಮೊದಲು ಹೋದ ಕಡೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಿನ ಜಾವ ಮತ್ತೆ ಬೇರೆ ಕಡೆ ಓಡಿದೆವು. ಅಂಡಾಶಯ ತಿರುಚಿಕೊಂಡು ರಕ್ತ ಓಡಾಟ ನಿಂತಿತ್ತು. ತಕ್ಷಣ ಆಪರೇಷನ್ ಮಾಡಿ ತಿರುಚು ಬಿಡಿಸಿದರು, ಸಿಸ್ಟ್ ತೆಗೆದರು. ಅಂಡಾಶಯ ಉಳಿಯಿತು. ಇನ್ನೂ ತಡವಾಗಿದ್ದರೆ ಅದನ್ನೇ ತೆಗೆಯಬೇಕಿತ್ತು ಅಂದರು.

ವಾರ್ಡ್ ಸಿಸ್ಟರ್, ಮೈಸೂರು:
ಉಣಕಲ್ ಅಕ್ಕ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಒಂದೇ ಪಕ್ಕಕ್ಕೆ ಹಠಾತ್ತನೆ ಬಂದ ಜೋರು ನೋವು, ಜೊತೆಗೆ ವಾಂತಿ. ಹೀಗಾದರೆ ಬೆಳಗಾಗಲಿ ಅಂತ ಕಾಯಬಾರದು, ನೇರ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಬೇಕು. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಓಡಾಟ ಇದೆ ಅಂತ ಬಂದರೂ ತಿರುಚಿಲ್ಲ ಅಂತ ಖಾತ್ರಿ ಇಲ್ಲ. ಮೊದಲೇ ಸಿಸ್ಟ್ ಇತ್ತು ಅಂತ ಗೊತ್ತಿದ್ದರೆ ಒಳಗೆ ಹೋಗುತ್ತಿದ್ದ ಹಾಗೆ ಅದನ್ನು ಹೇಳಿ, ಹಳೆ ರಿಪೋರ್ಟ್ ತೋರಿಸಿ.

ಮುಟ್ಟು ತಪ್ಪಿದ ಮೇಲೆ ಇಂಥ ನೋವು ಬಂದರೆ ಗರ್ಭವು ಗರ್ಭಕೋಶ ಬಿಟ್ಟು ಅಂಡನಾಳದಲ್ಲಿ ಕೂತಿರಬಹುದು. ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಆಗಬೇಕು. "ನಂದು ಟ್ಯುಬೆಕ್ಟಮಿ ಆಗಿದೆ, ಬಸಿರಾಗಲ್ಲ" ಅಂತ ಟೆಸ್ಟ್ ಬೇಡ ಅನ್ನಬೇಡಿ. ಆ ಆಪರೇಷನ್ ಅಪರೂಪಕ್ಕೆ ಫೇಲ್ ಆಗುತ್ತದೆ. ಆದಾಗ ಗರ್ಭವು ಅಂಡನಾಳದಲ್ಲಿ ನಿಲ್ಲುವ ಸಾಧ್ಯತೆ ಮಾಮೂಲಿ ಬಸಿರಿಗಿಂತ ಜಾಸ್ತಿ. ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಸೇರಿದರೆ ಒಂದು ನಿಮಿಷವೂ ತಡ ಮಾಡಬೇಡಿ.

ನೀಲಿಬಳೆ:
ನನಗೆ ಪಿಸಿಓಡಿ ಇದೆ, ಎರಡೂ ಕಡೆ ಸಿಸ್ಟ್ ಅಂತ ಬರೆದಿದ್ದಾರೆ. ನನಗೂ ತಿರುಚಿಕೊಳ್ಳುತ್ತದಾ? ಓದಿ ಕೈಕಾಲು ತಣ್ಣಗಾಯಿತು.

ಲೀಡ್ಸ್ ಕನ್ನಡತಿ:
ಹೆದರಬೇಡಿ. ಪಿಸಿಓಡಿಯಲ್ಲಿ ಕಾಣುವುದು 2ರಿಂದ 9 ಮಿ.ಮೀ. ಗಾತ್ರದ ಪುಟ್ಟ ಕೋಶಕಗಳು. ಹಾರ್ಮೋನ್ ಏರುಪೇರಿನಿಂದ ಅರ್ಧಕ್ಕೇ ಬೆಳವಣಿಗೆ ನಿಂತವು. ಅವು ಈ ಥರ ತಿರುಚುವ ಸಿಸ್ಟ್ ಅಲ್ಲ. ಅವುಗಳಿಂದ ನೋವೂ ಬರುವುದಿಲ್ಲ. ಹಾಗಾಗಿ ಪಿಸಿಓಡಿ ಇದ್ದು ಕಿಬ್ಬೊಟ್ಟೆ ನೋವೂ ಇದ್ದರೆ ನೋವಿಗೆ ಬೇರೆ ಕಾರಣ ಹುಡುಕಬೇಕು. "ಪಿಸಿಓಡಿ ಅಲ್ವಾ, ನೋವು ಇದ್ದೇ ಇರುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ನೀಲಿಬಳೆ:
ಥ್ಯಾಂಕ್ಸ್ ಅಕ್ಕ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಮಲ್ಲೇಶ್ವರದವಳು:
ನಾನು ಪಿಯುಸಿಯಲ್ಲಿದ್ದಾಗಿಂದ ಮುಟ್ಟಿನ ಮೊದಲ ದಿನ ನೆಲಕ್ಕೆ ಬೀಳುತ್ತಿದ್ದೆ. ಬ್ಯಾಗಿನಲ್ಲಿ ಮೆಫ್ತಾಲ್ ಸ್ಪಾಸ್ ನೋವಿನ ಮಾತ್ರೆ ಯಾವಾಗಲೂ ಇರುತ್ತಿತ್ತು. ಅಮ್ಮ "ಎಲ್ಲರಿಗೂ ಇರೋದೇ" ಅಂದರು. ಡಾಕ್ಟರ್ "ಮದುವೆಯಾಗಿ ಮಗುವಾದರೆ ಸರಿಹೋಗುತ್ತೆ" ಅಂದರು. ವರ್ಷಾನುಗಟ್ಟಲೆ ಸ್ಕ್ಯಾನ್ ನಾರ್ಮಲ್ಲೇ ಬಂತು. ಆಮೇಲೆ ಎಡ ಅಂಡಾಶಯದಲ್ಲಿ ಚಾಕಲೇಟ್ ಸಿಸ್ಟ್ ಕಂಡಿತು. ಅಂದರೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆಲ್ಲ ಅಂಟಿಕೊಂಡು ಬೆಳೆಯುವ ಕಾಯಿಲೆ. ಸಿಸ್ಟ್ ಒಳಗಿದ್ದದ್ದು ಹಳೆ ರಕ್ತ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10 ಶೇಕಡಾ ಜನಕ್ಕೆ ಇದು ಇದೆ. ಇಷ್ಟು ಜನಕ್ಕೆ ಇದ್ದೂ ಪತ್ತೆಯಾಗಲು ವರ್ಷಗಳು ಹಿಡಿಯುತ್ತವೆ ಅಂದರೆ ನನಗೆ ಸಿಟ್ಟು ಬರುತ್ತದೆ. ಹೊಟ್ಟೆ ಒಳಪೊರೆ ಮೇಲೆ ತೆಳ್ಳಗೆ ಹರಡಿದ ಎಂಡೊಮೆಟ್ರಿಯೋಸಿಸ್ ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನ್ ನಾರ್ಮಲ್ ಅಂದರೆ ಸ್ಕ್ಯಾನಿಗೆ ಕಾಣುವಂಥದ್ದು ಇಲ್ಲ ಅಂತ ಅಷ್ಟೇ. ನೋವಿಲ್ಲ ಅಂತಲ್ಲ!

ಕಾಫಿತೋಟ:
ಹಾಗಾದರೆ ಎಲ್ಲರೂ ಲ್ಯಾಪ್ರೋಸ್ಕೋಪಿ ಮಾಡಿಸಿಯೇ ನೋಡಬೇಕಾ?

ಮಲ್ಲೇಶ್ವರದವಳು:
ಇಲ್ಲ. ಯುರೋಪಿನ 2022ರ ಮಾರ್ಗಸೂಚಿ ಬಂದ ಮೇಲೆ ಆ ಯೋಚನೆ ಬದಲಾಗಿದೆ. ಲಕ್ಷಣ ಹೊಂದಿದರೆ ಮೊದಲು ಹಾರ್ಮೋನ್ ಮಾತ್ರೆ ಶುರು ಮಾಡಿ ನೋಡಬಹುದು. ನನಗೆ ಡೈನೊಜೆಸ್ಟ್ ಕೊಟ್ಟರು, ಮುಟ್ಟು ನಿಂತಿತು, ನೋವು ತುಂಬಾ ಇಳಿಯಿತು. ಎಲ್ಲರಿಗೂ ಒಗ್ಗುವುದಿಲ್ಲ. ಚಾಕಲೇಟ್ ಸಿಸ್ಟ್ ಆಪರೇಷನ್ ಮಾಡಿಸುವವರು, ಮುಂದೆ ಮಗು ಬೇಕು ಅಂತಿದ್ದರೆ ಅದಕ್ಕೂ ಮೊದಲು ಎಎಂಎಚ್ ರಕ್ತಪರೀಕ್ಷೆ (ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಕೊಡುವುದು) ಬಗ್ಗೆ ಕೇಳಿ. ಸಿಸ್ಟ್ ಸುಲಿದು ತೆಗೆಯುವಾಗ ಒಳ್ಳೆಯ ಅಂಡಾಣುಗಳೂ ಸ್ವಲ್ಪ ಹೋಗುತ್ತವೆ.

ಔಷಧಿ ಅಂಗಡಿ, ತುಮಕೂರು:
ಮೆಫ್ತಾಲ್ ಮಾತು ಬಂದಿದ್ದಕ್ಕೆ ಹೇಳುತ್ತಿದ್ದೇನೆ. ಅದರಲ್ಲಿರುವ ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ಕೊನೆಯಲ್ಲಿ ಕೇಂದ್ರದ ಔಷಧಿ ಆಯೋಗ ಎಚ್ಚರಿಕೆ ಕೊಟ್ಟಿದೆ. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ತಗೊಂಡ ಮೇಲೆ ಮೈಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಲ್ಸರ್, ಕಿಡ್ನಿ ತೊಂದರೆ ಇರುವವರು ಕೇಳದೆ ನುಂಗಬೇಡಿ. ನಮ್ಮ ಅಂಗಡಿಗೆ ಬರುವ ಹುಡುಗಿಯರು ಚೀಟಿ ಇಲ್ಲದೆ ಸ್ಟ್ರಿಪ್‌ಗಟ್ಟಲೆ ಕೇಳುತ್ತಾರೆ. ಪ್ರತಿ ತಿಂಗಳು ಅಷ್ಟು ಬೇಕಾಗುತ್ತದೆ ಅಂದರೆ ಡಾಕ್ಟರ್ ಹತ್ತಿರ ಹೋಗಮ್ಮ ಅಂತ ಹೇಳಿಯೇ ಕೊಡುತ್ತೇನೆ.

ಸಂಪಿಗೆ22:
ಒಂದು ಪ್ರಶ್ನೆ, ಕೇಳಲು ಮುಜುಗರ. ನನಗೆ ಮದುವೆಯಾಗಿಲ್ಲ. ಒಳಗಿನಿಂದ ಸ್ಕ್ಯಾನ್ ಮಾಡಬೇಕು ಅಂದರು, ಅಮ್ಮ ಎದ್ದು ನಡಿ ಅಂತ ಕರೆದುಕೊಂಡು ಬಂದರು.

ವಾರ್ಡ್ ಸಿಸ್ಟರ್, ಮೈಸೂರು:
ಮುಜುಗರ ಯಾಕೆ, ದಿನಾ ಕೇಳುತ್ತಾರೆ. ನೀವು ಬೇಡ ಅಂದರೆ ಯಾರೂ ಬಲವಂತ ಮಾಡುವಂತಿಲ್ಲ. ಚೆನ್ನಾಗಿ ನೀರು ಕುಡಿದು, ಮೂತ್ರಚೀಲ ತುಂಬಿದಾಗ ಹೊಟ್ಟೆ ಮೇಲಿಂದಲೇ ಸ್ಕ್ಯಾನ್ ಮಾಡಬಹುದು. ಒಳಗಿನದ್ದರಷ್ಟು ಸ್ಪಷ್ಟ ಬರುವುದಿಲ್ಲ, ಆದರೆ ದೊಡ್ಡ ಸಿಸ್ಟ್ ಕಾಣುತ್ತದೆ. ಅನುಮಾನ ಉಳಿದರೆ ಎಂಆರ್‌ಐ ಇದೆ. ಅಮ್ಮನಿಗೂ ಇದನ್ನು ಓದಿಸಿ.

ಭೀಮಾತೀರ, ಕಲಬುರಗಿ:
ನಮ್ಮ ಕಡೆಯ ಮಾತು ಇನ್ನೂ ಯಾರೂ ಎತ್ತಿಲ್ಲ. ಇಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದರೆ "ಗರ್ಭಚೀಲ ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ" ಅಂತ ಹೆದರಿಸಿದವರು ಇದ್ದಾರೆ. ತಾಂಡಾದ ಲಂಬಾಣಿ ಹೆಂಗಸರಿಗೆ ಸಣ್ಣ ವಯಸ್ಸಿಗೇ ಬೇಡದ ಆಪರೇಷನ್ ಮಾಡಿದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಗೋಳು. ಮುಟ್ಟಾದರೆ ಕೂಲಿ ತಪ್ಪುತ್ತದೆ ಅಂತ ತೆಗೆಸಿಕೊಂಡವರಿದ್ದಾರೆ. ಕಡೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂತ ಹೇಳಿತು.

ನಮ್ಮ ಚಿಕ್ಕಮ್ಮನಿಗೆ ಮೂವತ್ತರ ಆಸುಪಾಸಿನಲ್ಲೇ ಗರ್ಭಚೀಲ, ಅಂಡಾಶಯ ಎರಡೂ ತೆಗೆದರು. ಈಗ ಐವತ್ತಾಗಿಲ್ಲ, ಮೂಳೆ ಸವೆದು ನೆಲದಿಂದ ಏಳಲು ಕೈ ಹಿಡಿಯಬೇಕು. ಹೊಟ್ಟೆನೋವು? ಅದೂ ಹೋಗಲಿಲ್ಲ.

ಹೆಸರು ಬೇಡ, ಮಂಡ್ಯ:
ಅಣ್ಣಾ, ನೀವು ಹೇಳಿದ್ದು ನಿಜ. ಆದರೆ ಆಪರೇಷನ್ನೇ ಕೆಟ್ಟದ್ದು ಅಂತ ಹೆಂಗಸರು ಹೆದರಬಾರದು. ನನ್ನ ಅಮ್ಮನಿಗೆ ಅಡೆನೊಮಯೋಸಿಸ್, ಅಂದರೆ ಗರ್ಭಕೋಶದ ಒಳಪದರ ಅದರ ಗೋಡೆಯೊಳಕ್ಕೇ ಬೆಳೆಯುವುದು. ಗರ್ಭಕೋಶ ಊದಿಕೊಂಡು, ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಮಾತ್ರೆ, ಹಾರ್ಮೋನ್ ಕಾಪರ್-ಟಿಯಂಥದ್ದು ಎಲ್ಲ ನೋಡಿ ಆಯಿತು. ಗರ್ಭಕೋಶ ತೆಗೆಸಿದ ಮೇಲೆ ಅವರು ಗದ್ದೆಗೆ ನಡೆದುಕೊಂಡು ಹೋಗುತ್ತಾರೆ. ಅಂಡಾಶಯ ಮಾತ್ರ ಉಳಿಸಿದರು.

ಭೀಮಾತೀರ, ಕಲಬುರಗಿ:
ಒಪ್ಪುತ್ತೇನೆ ತಂಗಿ. ನಿಮ್ಮ ಅಮ್ಮನಿಗೆ ಕಾರಣ ಕಂಡುಹಿಡಿದು, ಬೇರೆ ದಾರಿ ನೋಡಿ, ಆಮೇಲೆ ತೆಗೆದರು. ನಮ್ಮ ಚಿಕ್ಕಮ್ಮನಿಗೆ ಸ್ಕ್ಯಾನ್ ರಿಪೋರ್ಟನ್ನೇ ಕೈಗೆ ಕೊಡಲಿಲ್ಲ. ನನ್ನ ಸಿಟ್ಟು ಅದಕ್ಕೆ.

ತುಂಗಾತೀರ, ಶಿವಮೊಗ್ಗ:
ಎಲ್ಲರಿಗೂ ತುಂಬಾ ಧನ್ಯವಾದ. ಸಿಸ್ಟರ್ ಕೇಳಿದ್ದಕ್ಕೆ: ಮುಟ್ಟಿಗೂ ನೋವಿಗೂ ಸಂಬಂಧ ಕಾಣುತ್ತಿಲ್ಲ. ಮೂತ್ರ, ಮಲದ ತೊಂದರೆ ಇಲ್ಲ. ಕೆಮ್ಮಿದರೆ, ಮಲಗಿದಲ್ಲಿಂದ ಏಳುವಾಗ ಜಾಸ್ತಿ. ಸೀರೆ ಲಂಗದ ದಾರ ಬಿಗಿಯಾದರೂ ನೋವು.

ಬೆನ್ನು ಮಂಡಿ ಫಿಸಿಯೋ, ಉಡುಪಿ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಗ ಬರೆಯಲೇಬೇಕು. ಬೆರಳಲ್ಲಿ ತೋರಿಸುವ ಒಂದೇ ಜಾಗ, ಎತ್ತಿದರೆ, ಕೆಮ್ಮಿದರೆ, ಎದ್ದರೆ ನೋವು, ಹಿಂದೆ ಸಿಸೇರಿಯನ್. ಇದು ಹೊಟ್ಟೆಯ ಗೋಡೆಯ ನರ ಸಿಕ್ಕಿಹಾಕಿಕೊಂಡ ನೋವಿರಬಹುದು.

ಒಂದು ಸಣ್ಣ ಪರೀಕ್ಷೆ ಇದೆ. ಅಂಗಾತ ಮಲಗಿ. ನೋವಿನ ಜಾಗದ ಮೇಲೆ ಬೆರಳಿಟ್ಟು ಒತ್ತಿ. ಬೆರಳು ತೆಗೆಯದೆ ತಲೆ, ಭುಜ ಸ್ವಲ್ಪ ಮೇಲೆತ್ತಿ, ಹೊಟ್ಟೆ ಬಿಗಿಯಾಗುವಷ್ಟು. ಒಳಗಿನ ಅಂಗದ ನೋವಾದರೆ ಬಿಗಿದ ಸ್ನಾಯು ಅಡ್ಡ ಬಂದು ನೋವು ಕಡಿಮೆಯಾಗುತ್ತದೆ. ಗೋಡೆಯದ್ದೇ ಆದರೆ ಅಷ್ಟೇ ಇರುತ್ತದೆ ಅಥವಾ ಜಾಸ್ತಿ ಆಗುತ್ತದೆ. ಇದನ್ನು ಕಾರ್ನೆಟ್ ಪರೀಕ್ಷೆ ಅನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಈ ನರ ಕಾಣುವುದಿಲ್ಲ, ಅದಕ್ಕೇ ತಪ್ಪಿಹೋಗುತ್ತದೆ.

ಹೊಲಿಗೆ ಗುರುತಿನ ಹತ್ತಿರ ಗಂಟು ಏನಾದರೂ ಸಿಗುತ್ತದಾ ಅಂತಲೂ ನೋಡಿ. ಮುಟ್ಟಿನ ದಿನಗಳಲ್ಲಿ ಊದುವ, ನೋಯುವ ಗಂಟಾದರೆ ಅದು ಗಾಯದೊಳಗಿನ ಎಂಡೊಮೆಟ್ರಿಯೋಸಿಸ್ ಆಗಿರಬಹುದು.

ತುಂಗಾತೀರ, ಶಿವಮೊಗ್ಗ:
ಈಗಷ್ಟೇ ಚಾಪೆ ಮೇಲೆ ಮಲಗಿ ಮಾಡಿದೆ. ತಲೆ ಎತ್ತಿದ ಕೂಡಲೇ ಕೂಗಿಕೊಳ್ಳುವಷ್ಟು ನೋವು! ಗಂಟು ಏನೂ ಇಲ್ಲ. ಹೊಲಿಗೆಯ ಬಲ ತುದಿಯಿಂದ ಎರಡು ಬೆರಳು ಮೇಲೆ, ಅದೇ ಜಾಗ. ಸುತ್ತ ಚರ್ಮ ಮುಟ್ಟಿದರೆ ಜೋಮು ಹಿಡಿದಂತೆ ಇದೆ, ಇದುವರೆಗೆ ಗಮನಿಸಿಯೇ ಇರಲಿಲ್ಲ.

ಬೆನ್ನು ಮಂಡಿ ಫಿಸಿಯೋ, ಉಡುಪಿ:
ಇದನ್ನು ಹೀಗೆಯೇ ಹೋಗಿ ಡಾಕ್ಟರಿಗೆ ಹೇಳಿ. ಸರ್ಜನ್ ಅಥವಾ ನೋವಿನ ತಜ್ಞರು ಆದರೆ ಇನ್ನೂ ಒಳ್ಳೆಯದು. ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ನೋವು ಇಳಿದರೆ ಕಾರಣವೂ ಖಾತ್ರಿಯಾಯಿತು, ಚಿಕಿತ್ಸೆಯೂ ಶುರುವಾಯಿತು. ಕೆಲವರಿಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಹರ್ನಿಯಾ ಇದೆಯಾ ಅಂತಲೂ ಅವರೇ ನೋಡಲಿ.

ಕಾಫಿತೋಟ ಅವರೇ, ನಿಮ್ಮ ನೋವು ಬೇರೆ ಇರಬಹುದು. ಕೂತಾಗ ಜಾಸ್ತಿ, ಗಂಡನ ಜೊತೆ ಸೇರಿದ ಮೇಲೆ ಜಾಸ್ತಿ ಅಂದರೆ ಕಟಿಯ ತಳದ ಸ್ನಾಯುಗಳು ಬಿಗಿದುಕೊಂಡಿರಬಹುದು. ಅದಕ್ಕೆ ಫಿಸಿಯೋಥೆರಪಿ ಇದೆ. ಸುಮ್ನೆ ಕೆಗೆಲ್ (ಆ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ) ಶುರು ಮಾಡಬೇಡಿ. ಬಿಗಿದ ಸ್ನಾಯುವನ್ನು ಇನ್ನೂ ಬಿಗಿ ಮಾಡಿದರೆ ನೋವು ಏರುತ್ತದೆ.

ಕಾಫಿತೋಟ:
ಕೂತಾಗ ಜಾಸ್ತಿ ಹೌದು. ಯೂಟ್ಯೂಬ್ ನೋಡಿ ಅದನ್ನೇ ಮಾಡುತ್ತಿದ್ದೆ. ಇವತ್ತೇ ನಿಲ್ಲಿಸುತ್ತೇನೆ.

ಗದ್ದೆಬದಿ:
ಮೇಡಂಗಳೇ, ನಾನು ಗಂಡಸು, ಹೆಂಡತಿಗಾಗಿ ಓದುತ್ತಿದ್ದೇನೆ. ಅವಳಿಗೆ ಕಿಬ್ಬೊಟ್ಟೆ ನೋವು, ಸಿಎ-125 (ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ) ಮಾಡಿಸಿದರೆ 35ರ ಒಳಗೆ ಇರಬೇಕಾದ್ದು 120 ಬಂದಿದೆ. ವಯಸ್ಸು 34. ಮನೆಯಲ್ಲಿ ಯಾರೂ ಊಟ ಮಾಡುತ್ತಿಲ್ಲ.

ವಾರ್ಡ್ ಸಿಸ್ಟರ್, ಮೈಸೂರು:
ಅಣ್ಣಾ, ಆ ಒಂದು ನಂಬರ್ ನೋಡಿ ಕ್ಯಾನ್ಸರ್ ಅಂತ ತೀರ್ಮಾನ ಮಾಡುವಂತಿಲ್ಲ. ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಒಳಗಿನ ಸೋಂಕು, ಬಸಿರು, ಅಷ್ಟೇ ಯಾಕೆ, ಮುಟ್ಟಿನ ದಿನಗಳಲ್ಲಿ ರಕ್ತ ತೆಗೆದರೂ ಏರುತ್ತದೆ. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಬಾರದು: ಹೊಟ್ಟೆಯ, ಅಂಡನಾಳದ ಟಿಬಿ. ಅದರಲ್ಲಿ ಈ ನಂಬರ್ ತುಂಬಾ ಏರಬಹುದು, ಸ್ಕ್ಯಾನ್‌ನಲ್ಲಿ ಗಡ್ಡೆಯ ಹಾಗೆಯೇ ಕಾಣುತ್ತದೆ, ಮಾತ್ರೆಯಿಂದ ವಾಸಿಯಾಗುತ್ತದೆ. ಸ್ಕ್ಯಾನ್ ರಿಪೋರ್ಟ್ ಹಿಡಿದು ಸ್ತ್ರೀರೋಗ ತಜ್ಞರನ್ನು ನೋಡಿ. ಮೊದಲು ಇಬ್ಬರೂ ಊಟ ಮಾಡಿ.

ಉಣಕಲ್ ಅಕ್ಕ, ಹುಬ್ಬಳ್ಳಿ:
ಸಿಸ್ಟರ್, ಹಾಗಾದರೆ ನಮ್ಮ ಅತ್ತೆದು ಒಂದು ಕೇಳಬೇಕಿತ್ತು. 58 ವರ್ಷ, ಮುಟ್ಟು ನಿಂತು ಎಂಟು ವರ್ಷ ದಾಟಿದೆ. ಕೆಲವು ವಾರದಿಂದ ಹೊಟ್ಟೆ ಉಬ್ಬರ, ಎರಡು ತುತ್ತಿಗೆ ಸಾಕು ಅಂತಾರ್ರಿ. ಮೂತ್ರಕ್ಕೂ ಪದೇ ಪದೇ ಹೋಗುತ್ತಾರೆ. ಜೀರಿಗೆ ನೀರು, ಇನೋ ಕೊಡುತ್ತಿದ್ದೇವೆ.

ವಾರ್ಡ್ ಸಿಸ್ಟರ್, ಮೈಸೂರು:
ಅಕ್ಕಾ, ಇದನ್ನು ಬೇಗ ತೋರಿಸಿ. ಮುಟ್ಟು ನಿಂತವರಿಗೆ ಈಗ ಹೇಳಿದ ಸಮಾಧಾನದ ಮಾತು ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ ಹೊಸದಾಗಿ ಉಬ್ಬರ ಬಂದು ಹೋಗದೆ ಉಳಿದರೆ, ಬೇಗ ಹೊಟ್ಟೆ ತುಂಬಿದರೆ, ಮೂತ್ರ ಪದೇ ಪದೇ ಬಂದರೆ ಅಂಡಾಶಯದ ಸ್ಕ್ಯಾನ್ ಮತ್ತು ಸಿಎ-125 ಎರಡೂ ಆಗಬೇಕು. ಬೇರೆ ಏನೋ ಇರಬಹುದು, ಆದರೆ ನೋಡಿಯೇ ಹೇಳಬೇಕು. ಮನೆತನದಲ್ಲಿ ಯಾರಿಗಾದರೂ ಸ್ತನದ, ಅಂಡಾಶಯದ ಕ್ಯಾನ್ಸರ್ ಇತ್ತಾ?

ಉಣಕಲ್ ಅಕ್ಕ, ಹುಬ್ಬಳ್ಳಿ:
ಅವರ ಅಕ್ಕನಿಗೆ ಸ್ತನದ್ದು ಆಗಿತ್ತು. ಇದನ್ನೂ ಹೇಳಬೇಕೇನ್ರಿ?

ವಾರ್ಡ್ ಸಿಸ್ಟರ್, ಮೈಸೂರು:
ಮೊದಲು ಹೇಳಬೇಕಾದ್ದೇ ಅದು. ಗ್ಯಾಸಿನ ಡಾಕ್ಟರ್ ಹತ್ತಿರ ಹೋಗುವ ಬದಲು ಸ್ತ್ರೀರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಉಣಕಲ್ ಅಕ್ಕ, ಹುಬ್ಬಳ್ಳಿ:
ನಾಳೆ ನಮ್ಮವರು ರಜೆ ಹಾಕುತ್ತಾರೆ. ಬೆಳಗ್ಗೆ ಓಪಿಡಿ ಚೀಟಿ ಮಾಡಿಸಿ ಕರೆದುಕೊಂಡು ಹೋಗುತ್ತೇವೆ. ಸ್ಕ್ಯಾನಿಗೆ ನೀರು ಕುಡಿಸಿ ಕರೆದುಕೊಂಡು ಹೋಗಲಾ, ಅಲ್ಲಿ ಹೋಗಿ ಕುಡಿಸಲಾ?

ವಾರ್ಡ್ ಸಿಸ್ಟರ್, ಮೈಸೂರು:
ಬಾಟಲಿ ಜೊತೆಗೆ ಇಟ್ಟುಕೊಳ್ಳಿ. ಅಲ್ಲಿ ಸಾಲು ಎಷ್ಟಿದೆ ನೋಡಿ ಕುಡಿಸಿ.